ಓಡೋದು ನೋಡಿದಿರಿ, ನಿಲ್ಲೋದು ನೋಡಿದಿರಾ?

ಹೋದ ತಿಂಗಳು ಒಂದು ಭಾನುವಾರ ಸಂಜೆ ನಮ್ಮ ವಾಚನಾಲಯದ ಜಗಲಿಯ ಮೇಲೆ ಮೂವರು ಹುಡುಗರು ಕೂತು ಮಾತಾಡುತ್ತಿದ್ದರು. ನಾನು ಒಳಗೆ ಪೇಪರ್ ಹಿಡಿದು ಕೂತಿದ್ದೆ. ಮೂವರೂ ಅವತ್ತು ಬೆಳಿಗ್ಗೆ ಹೊಸೂರಿಗೆ ಹೋಗಿ ಮೂರು ಶೋರೂಮು ಸುತ್ತಿ, ಮೂರು ಸ್ಪೋರ್ಟ್ಸ್ ಬೈಕು ಓಡಿಸಿ ನೋಡಿ ಬಂದಿದ್ದರು. ಒಂದು ಯಮಹಾ ಆರ್15, ಒಂದು ಟಿವಿಎಸ್ ಅಪಾಚೆ ಆರ್‌ಆರ್ 310, ಇನ್ನೊಂದು ಕೆಟಿಎಂ ಆರ್‌ಸಿ 390.

"ಆರ್15 ಬೆಣ್ಣೆ ಕಣೋ. ರೈಸ್ ಮಾಡಿದಷ್ಟೂ ಮೇಲಕ್ಕೆ ಕೂಗ್ತೈತೆ" ಅಂದ ಒಬ್ಬ. "ಅದು ಕೂಗ್ತೈತೆ ಅಷ್ಟೆ. ಆರ್‌ಸಿ ಕೈ ತಿರುವಿದ ತಕ್ಷಣ ಎದೆ ಝಲ್ ಅಂತು ನಂಗೆ" ಅಂದ ಇನ್ನೊಬ್ಬ. "310 ಎರಡರ ಮಧ್ಯೆ ಐತೆ, ನಮ್ಮ ಹೊಸೂರಿನ ಗಾಡಿ ಬೇರೆ" ಅಂತ ಮೂರನೆಯವನ ತೀರ್ಪು. ಒಂದು ಗಂಟೆ ಹೀಗೇ ನಡೆಯಿತು. ಪಿಕಪ್ಪು, ಸೌಂಡು, ಲುಕ್ಕು, ಟಾಪ್ ಸ್ಪೀಡು. ನಾನು ಪೇಪರ್ ಬಿಟ್ಟು ಕಿವಿಗೊಟ್ಟೆ. ಪಿಕಪ್ಪು ಅನ್ನೋ ಮಾತು ಎಷ್ಟು ಸಲ ಬಂತೋ ಲೆಕ್ಕ ತಪ್ಪಿತು. ಬ್ರೇಕು ಅನ್ನೋ ಮಾತು ಒಂದು ಸಲವೂ ಬರಲಿಲ್ಲ.

ಆ ಮೂವರಲ್ಲಿ ಒಬ್ಬ ನಮ್ಮಕ್ಕನ ಮಗ. ಅಕ್ಕ ತನ್ನ ಸರ ಅಡವಿಟ್ಟು ಮೊದಲ ಕಂತು ಕಟ್ಟುವುದಕ್ಕೆ ಒಪ್ಪಿದ್ದಾಳೆ. ಹಾಗಾಗಿ ಈ ಮಾತು ನನಗೆ ಬರೀ ಜಗಲಿ ಹರಟೆಯಾಗಿ ಉಳಿಯಲಿಲ್ಲ. ಅದಕ್ಕೇ ಈ ಬರಹ.

ಮೊದಲೇ ಹೇಳಿಬಿಡುತ್ತೇನೆ, ನಾನು ಗಾಡಿಗಳ ವೈರಿ ಅಲ್ಲ. ಹೊಸೂರಿನ ಕಾರ್ಖಾನೆಯಿಂದ 1980ರಲ್ಲಿ ಟಿವಿಎಸ್ 50 ಹೊರಗೆ ಬಂತಲ್ಲ, ಇಬ್ಬರು ಕೂರುವ ಆ ಪುಟ್ಟ ಗಾಡಿ, ಅದರ ಮೇಲೆ ನಮ್ಮಪ್ಪ ರಾಗಿ ಮೂಟೆಯನ್ನೂ ನನ್ನನ್ನೂ ಒಟ್ಟಿಗೆ ಹೇರಿಕೊಂಡು ಓಡಾಡಿದವರು. ಅದೇ ಹೊಸೂರಿನಲ್ಲಿ 2017ರ ಕೊನೆಗೆ ಆರ್‌ಆರ್ 310 ಬಂತು. ಜರ್ಮನಿಯ ಬಿಎಂಡಬ್ಲ್ಯು ಹೆಸರು ಹೊತ್ತ 310 ಗಾಡಿಗಳೂ ಅಲ್ಲೇ ತಯಾರಾದವು. ತಳಿ, ದೆಂಕಣಿಕೋಟೆ, ಕೆಲಮಂಗಲದ ಕಡೆಯ ಎಷ್ಟೋ ಮನೆಯ ಹುಡುಗರು ಹೊಸೂರಿನ ಕಾರ್ಖಾನೆಗಳಲ್ಲಿ ಶಿಫ್ಟು ಮಾಡುತ್ತಾರೆ. ಇಂಥ ಗಾಡಿಗೆ ನಟ್ಟು ಬಿಗಿಯೋ ಕೈ ಅದನ್ನು ಓಡಿಸೋಕೆ ಆಸೆಪಟ್ಟರೆ ತಪ್ಪೇನು? ಆಸೆಗೆ ಅವಮಾನ ಮಾಡಬಾರದು.

ಆದರೆ ನಮ್ಮೂರ ಹಿರಿಯರು ಮಾಡುವುದು ಅದನ್ನೇ. "ಆ ಗಾಡಿ ತಂದ್ರೆ ಸಾವನ್ನ ಮನೆಗೆ ತಂದಂಗೆ" ಅಂದು ಎದ್ದು ಹೋಗುತ್ತಾರೆ. ಅವರ ಭಯ ಸರಿ, ತರ್ಕ ತಪ್ಪು. ಹಿರಿಯರು ಓಡಿಸುವ ನೂರು ಸಿಸಿ ಗಾಡಿ ನೋಡಿ. ಹಳೆಯ ಡ್ರಮ್ ಬ್ರೇಕು, ಸಣ್ಣ ಟೈರು, ಮುಂದೆ ಹಾಲಿನ ಕ್ಯಾನು, ಹಿಂದೆ ಇಬ್ಬರು. ಹುಡುಗರು ಕೇಳುವ ಗಾಡಿಗಳಿಗೆ ಎರಡೂ ಚಕ್ರಕ್ಕೆ ಡಿಸ್ಕು, ಅಗಲದ ಟೈರು, ಜೊತೆಗೆ ಎಬಿಎಸ್. ಬ್ರೇಕು ಗಟ್ಟಿಯಾಗಿ ಹಿಡಿದಾಗ ಚಕ್ರ ಪೂರ್ತಿ ಕಚ್ಚಿಕೊಂಡು ಜಾರದ ಹಾಗೆ ಹಿಡಿದು ಬಿಡುವ, ಹಿಡಿದು ಬಿಡುವ ಏರ್ಪಾಟು ಅದು. 2019ರ ಏಪ್ರಿಲ್‌ನಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆಲ್ಲ ಇದು ಕಡ್ಡಾಯ. ನಿಲ್ಲಿಸುವ ಸಾಮರ್ಥ್ಯದಲ್ಲಿ ಮಗನ ಗಾಡಿ ಅಪ್ಪನ ಗಾಡಿಗಿಂತ ಎಷ್ಟೋ ಮೇಲು. ಹಾಗಾದರೆ ನನ್ನ ಜಗಳ ಗಾಡಿಯ ಜೊತೆ ಅಲ್ಲ. ಟೆಸ್ಟ್ ರೈಡ್ ಅನ್ನೋ ಹತ್ತು ನಿಮಿಷದ ಆಟದ ಜೊತೆ, ಅದಾದ ಮೇಲೆ ನಡೆಯುವ ಈ ಪಿಕಪ್ಪಿನ ಪಂಚಾಯ್ತಿ ಜೊತೆ.

ನಮ್ಮ ತಾತ ಎತ್ತು ಕೊಳ್ಳುತ್ತಿದ್ದ ರೀತಿ ನೆನಪಾಗುತ್ತದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದರೆ ಮೊದಲ ದಿನ ಕೊಳ್ಳುತ್ತಲೇ ಇರಲಿಲ್ಲ. ಹಲ್ಲು ನೋಡುವುದು, ಸುಳಿ ನೋಡುವುದು, ಗೊರಸು ಎತ್ತಿ ನೋಡುವುದು. ಆಮೇಲೆ ಜೋಡಿಯನ್ನು ಗಾಡಿಗೆ ಕಟ್ಟಿಸಿ ನಾಲ್ಕು ಜನರನ್ನು ಮೇಲೆ ಕೂರಿಸಿ ಇಳಿಜಾರಿಗೆ ಹೊಡೆಸುತ್ತಿದ್ದ. "ಏರು ಹತ್ತೋದನ್ನ ಯಾವ ಎತ್ತೂ ಮಾಡ್ತೈತೆ ಕಣೋ, ಇಳಿಜಾರ್ನಲ್ಲಿ ಭಾರ ತಡಿತೈತಾ ನೋಡ್ಬೇಕು" ಅನ್ನುತ್ತಿದ್ದ. ಅಕ್ಷರ ಬಾರದ ಮನುಷ್ಯ ಅವನು. ಸಂಜೆ ಗುಡಾರದ ಮುಂದೆ ಹತ್ತು ಜನ ರೈತರು ಕೂತು ಆ ಜೋಡಿ ಹೀಗೆ, ಈ ಜೋಡಿ ಹಾಗೆ ಅಂತ ಹೋಲಿಸುತ್ತಿದ್ದರು. ಈಗಿನ ಹುಡುಗರ ಹೋಲಿಕೆಯೂ ಅದೇ ಜಾತಿಯದು. ಆದರೆ ಅವರು ಭಾರ ಕಟ್ಟಿ ಇಳಿಜಾರಿಗೆ ಬಿಟ್ಟು ನೋಡಿ ಮಾತಾಡುತ್ತಿದ್ದರು, ಇವರು ಬಣ್ಣ ನೋಡಿ ಗೂಳಿ ಕೂಗು ಕೇಳಿ ಮಾತಾಡುತ್ತಿದ್ದಾರೆ.

ಟೆಸ್ಟ್ ರೈಡ್‌ನಲ್ಲಿ ಏನು ಆಗುತ್ತದೆ? ಲೈಸೆನ್ಸ್ ತೋರಿಸುತ್ತೀರಿ, ಒಂದು ಕಾಗದಕ್ಕೆ ಓದದೆ ಸಹಿ ಹಾಕುತ್ತೀರಿ. ಗಾಡಿಗೆ ಏಟಾದರೆ ಯಾರು ಕೊಡಬೇಕು ಅನ್ನೋದು ಆ ಕಾಗದದಲ್ಲೇ ಇರುತ್ತದೆ. ಆಮೇಲೆ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಎರಡು ಕಿಲೋಮೀಟರ್. ರಸ್ತೆ ಸಪಾಟು, ನೇರ, ಹಗಲು ಹೊತ್ತು, ಹಿಂದೆ ಯಾರೂ ಇಲ್ಲ. ಇಷ್ಟರಲ್ಲಿ ಇಂಜಿನ್ನಿನ ಪರಿಚಯ ಆದೀತು. ಆ ಗಾಡಿ ಜೊತೆ ಬದುಕೋದು ಹೇಗೆ ಅನ್ನೋದು ಗೊತ್ತಾಗೋದಿಲ್ಲ.

ಗೊತ್ತಾಗದ ಸಂಗತಿಗಳನ್ನು ಒಂದೊಂದಾಗಿ ಹೇಳುತ್ತೇನೆ. ಸ್ಪೋರ್ಟ್ಸ್ ಬೈಕಿನ ಹ್ಯಾಂಡಲು ತಗ್ಗಿನಲ್ಲಿ, ಕಾಲಿಡುವ ಜಾಗ ಹಿಂದಕ್ಕೆ. ಮೈ ಮುಂದಕ್ಕೆ ಬಾಗುತ್ತದೆ, ಭಾರ ಮಣಿಕಟ್ಟಿಗೆ ಬೀಳುತ್ತದೆ. ಎರಡು ಕಿಲೋಮೀಟರಿಗೆ ಅದು ರಾಜಠೀವಿ. ಇಪ್ಪತ್ತು ಕಿಲೋಮೀಟರಿಗೆ ಮಣಿಕಟ್ಟು ನೋವು. ದಿನವೂ ಹೊಸೂರಿಗೆ ಶಿಫ್ಟಿಗೆ ಹೋಗಿ ಬರುವವನಿಗೆ ಇದು ಸಣ್ಣ ಮಾತಲ್ಲ. ಅತ್ತಿಬೆಲೆ ಕಡೆಯ ಟ್ರಾಫಿಕ್ಕಿನಲ್ಲಿ ಕಾಲು ಗಂಟೆ ಸಿಕ್ಕಿಕೊಂಡರೆ ಇಂಜಿನ್ ಫ್ಯಾನು ಬಿಸಿಗಾಳಿಯನ್ನು ಮೊಣಕಾಲಿಗೆ ಊದುತ್ತದೆ. ಶೋರೂಮಿನ ಹತ್ತು ನಿಮಿಷಕ್ಕೆ ಅದು ಬಿಸಿಯೇ ಆಗಿರೋದಿಲ್ಲ. ಹ್ಯಾಂಡಲು ಜಾಸ್ತಿ ತಿರುಗೋದಿಲ್ಲವಾದ್ದರಿಂದ ನಮ್ಮ ಸಂದಿಯಲ್ಲಿ ಗಾಡಿ ತಿರುಗಿಸೋಕೆ ಮೂರು ಸಲ ಹಿಂದೆ ಮುಂದೆ ತಳ್ಳಬೇಕು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ನೀವು ಓಡಿಸಿ ನೋಡಿದ ಗಾಡಿಯ ಟೈರು ಸಾವಿರಾರು ಕಿಲೋಮೀಟರ್ ಸವೆದು ರಸ್ತೆಗೆ ಒಗ್ಗಿರುತ್ತದೆ. ನಿಮಗೆ ಕೊಡುವ ಹೊಸ ಗಾಡಿಯ ಟೈರು ಹೊಳೆಯುತ್ತದೆ. ಮೇಲ್ಮೈ ಇನ್ನೂ ನಯ, ಮೊದಲ ನೂರೈವತ್ತು ಕಿಲೋಮೀಟರ್ ಹಿಡಿತ ಕಡಿಮೆ. ಗಾಡಿ ತಂದ ದಿನವೇ ಗೆಳೆಯರಿಗೆ ತೋರಿಸೋಕೆ ತಿರುವಿನಲ್ಲಿ ವಾಲಿಸುವವನು ಓಡಿಸುತ್ತಿರುವುದು ಟೆಸ್ಟ್ ರೈಡ್ ಮಾಡಿದ ಗಾಡಿಯನ್ನಲ್ಲ, ಬೇರೆ ಒಂದು ಗಾಡಿಯನ್ನು.

ಈಗ ಸಂಖ್ಯೆಗಳಿಗೆ ಬರೋಣ. ಹುಡುಗರಿಗೆ ಸಂಖ್ಯೆ ಬಾಯಿಪಾಠ. ಆರ್15ಕ್ಕೆ 155 ಸಿಸಿ, ಹದಿನೆಂಟೂವರೆ ಅಶ್ವಶಕ್ತಿಯ ಹತ್ತಿರ. 310ಕ್ಕೆ ಮೊದಲು 34 ಇತ್ತು, ಈಗ 38. ಆರ್‌ಸಿ 390ಕ್ಕೆ 43. ಸರಿ. ಆದರೆ ಆ ಶಕ್ತಿ ಎಲ್ಲಿದೆ? ಆರ್15ರ ಪೂರ್ತಿ ಶಕ್ತಿ ಬರೋದು ಇಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗಿದಾಗ. ಉಳಿದೆರಡಕ್ಕೂ 9,000 ಇಲ್ಲವೇ ಅದರ ಮೇಲೆ. ತಳಿ ರಸ್ತೆಯಲ್ಲಿ ಒಂದು ಫರ್ಲಾಂಗಿಗೆ ಒಂದು ತಿರುವು, ಊರಿಗೊಂದು ಉಬ್ಬು, ಮಧ್ಯೆ ಮೇಕೆ ಮಂದೆ. ಮೇಲಿನ ಗೇರಿನಲ್ಲಿ ಆ ಸುತ್ತು ಮುಟ್ಟಿಸೋ ಜಾಗ ನಮ್ಮ ತಾಲ್ಲೂಕಿನಲ್ಲಿ ಎಲ್ಲಿದೆ ತೋರಿಸಿ. ಇದಕ್ಕಾಗಿಯೇ ಕಟ್ಟಿದ ಟ್ರ್ಯಾಕುಗಳಿವೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೆಯಲ್ಲಿ, ಕೊಯಮತ್ತೂರಿನಲ್ಲಿ. ಅಲ್ಲಿ ಓಡಿಸುವವರು ಮೈಗೆ ಚರ್ಮದ ಉಡುಪು, ಕೈಗೆ ಗವಸು, ಕಾಲಿಗೆ ಬೂಟು ಹಾಕಿ ಓಡಿಸುತ್ತಾರೆ. ಎದುರಿಂದ ಟ್ರ್ಯಾಕ್ಟರ್ ಬರೋದಿಲ್ಲ, ಬಿದ್ದರೆ ಎತ್ತೋಕೆ ಆಂಬುಲೆನ್ಸು ಪಕ್ಕದಲ್ಲೇ ನಿಂತಿರುತ್ತದೆ. ನಮ್ಮ ಹುಡುಗರು ಅದೇ ಗಾಡಿಯನ್ನು ಹವಾಯಿ ಚಪ್ಪಲಿಯಲ್ಲಿ ಓಡಿಸುತ್ತಾರೆ. ಬಳಸೋಕಾಗದ ಐದು ಅಶ್ವಶಕ್ತಿಗಾಗಿ ಒಂದು ಗಂಟೆ ವಾದ ಮಾಡುತ್ತೀರಲ್ಲ, ದಿನಕ್ಕೆ ನೂರು ಸಲ ಬಳಸುವ ಬ್ರೇಕಿನ ಬಗ್ಗೆ ಒಂದು ನಿಮಿಷ ಬೇಡವೇ?

ಬ್ರೇಕಿನ ಲೆಕ್ಕ ಕೇಳಿ. ಇದು ಶಾಲೆಯಲ್ಲಿ ಕಲಿಯುವ ಗಣಿತವೇ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಡ್ಡ ಬಂದದ್ದನ್ನು ಕಣ್ಣು ಕಂಡು, ತಲೆಗೆ ಹೊಳೆದು, ಕೈ ಬ್ರೇಕು ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಹೋಯಿತು ಅಂದುಕೊಳ್ಳಿ, ಗಾಡಿ ಆಗಲೇ 17 ಮೀಟರ್ ಮುಂದೆ ಹೋಗಿರುತ್ತದೆ. ಅಲ್ಲಿಂದ ಒಣ ಡಾಂಬರಿನ ಮೇಲೆ ಚೆನ್ನಾಗಿ ಬ್ರೇಕು ಹಿಡಿದರೂ ಇನ್ನೊಂದು 23 ಮೀಟರ್. ಒಟ್ಟು 40 ಮೀಟರ್, ಅಂದರೆ ಎರಡು ಕ್ರಿಕೆಟ್ ಪಿಚ್ಚಿನ ಉದ್ದ. ವೇಗ ಎರಡರಷ್ಟು ಮಾಡಿ, 120. ಯೋಚಿಸುವ ಸೆಕೆಂಡಿನಲ್ಲಿ 33 ಮೀಟರ್. ಬ್ರೇಕಿನ ದೂರ ಎರಡರಷ್ಟಲ್ಲ, ನಾಲ್ಕರಷ್ಟು, 92 ಮೀಟರಿಗೆ ಮೇಲೆ. ಒಟ್ಟು 126 ಮೀಟರ್, ಆರು ಪಿಚ್ಚು ದಾಟಿತು. ರಾತ್ರಿ ಹೊತ್ತು ಡಿಮ್ ಲೈಟಿನ ಬೆಳಕು ಬೀಳೋದು ಐವತ್ತು ಮೀಟರಿನ ಆಸುಪಾಸು. ಮಿಕ್ಕ ಎಪ್ಪತ್ತು ಮೀಟರು ಕತ್ತಲಿಗೆ ನುಗ್ಗಿದಂತೆ.

ಆ ಕತ್ತಲಲ್ಲಿ ನಮ್ಮ ಕಡೆ ಏನಿರುತ್ತದೆ ಅಂತ ಹೊರಗಿನವರಿಗೆ ಹೇಳಬೇಕು, ನಮಗೆ ಗೊತ್ತು. ರಾಗಿ ತೆನೆ ಬಲಿಯುವ ಹೊತ್ತಿಗೆ ಜವಳಗಿರಿ ಕಾಡಿನ ಕಡೆಯಿಂದ ಆನೆ ಇಳಿಯುತ್ತದೆ. ಆನೆಯ ಮೈಗೆ ಗಾಡಿಯ ಬೆಳಕು ಬಿದ್ದರೆ ಹೊಳೆಯೋದಿಲ್ಲ, ಕತ್ತಲೇ ಒಂದು ತುಂಡು ನಿಂತ ಹಾಗೆ ಇರುತ್ತದೆ.

ಆನೆ ಬಿಡಿ, ನಾವೇ ಮಾಡಿಟ್ಟ ಅಪಾಯ ಇದೆ. ಸುಗ್ಗಿ ಕಾಲದಲ್ಲಿ ಹುರುಳಿ ಸೊಪ್ಪು, ರಾಗಿ ತೆನೆ ತಂದು ಡಾಂಬರು ರಸ್ತೆ ಮೇಲೆ ಹರಡುತ್ತೇವೆ. ಬಸ್ಸು ಲಾರಿ ಹತ್ತಿ ಒಕ್ಕಣೆ ಆಗಲಿ ಅಂತ. ಕಣ ಮಾಡುವ ಶ್ರಮ ಉಳಿಯಿತು. ಎರಡು ವರ್ಷದ ಹಿಂದೆ ಪಕ್ಕದೂರಿನ ಹುಡುಗ ಒಬ್ಬ ಇಂಥ ಹುರುಳಿ ಹೊಟ್ಟಿನ ಮೇಲೆ ತಿರುವಿನಲ್ಲಿ ಜಾರಿದ. ಒಳ್ಳೆ ಗಾಡಿ, ಎಬಿಎಸ್ ಇತ್ತು. ವೇಗವೂ ಭಾರಿ ಇರಲಿಲ್ಲ. ಆದರೆ ಎಬಿಎಸ್ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೆ, ಇಲ್ಲದ ಹಿಡಿತವನ್ನು ಹೊಟ್ಟಿನ ಮೇಲೆ ಹುಟ್ಟಿಸೋದಿಲ್ಲ. ಜಲ್ಲಿ, ಮರಳು, ಹೊಟ್ಟು ಇದ್ದ ಕಡೆ ನಿಲ್ಲೋಕೆ ದೂರ ಹೆಚ್ಚೇ ಬೇಕು. ಕಾಲಿಗೆ ರಾಡು ಹಾಕಿದರು. ನಿಂತು ಮಾಡುವ ಕೆಲಸ ಅವನದು, ಅದು ಹೋಯಿತು. ಕಂತು ಮಾತ್ರ ನಿಲ್ಲಲಿಲ್ಲ. ಆ ಹುಡುಗನೂ ಗಾಡಿ ಕೊಳ್ಳುವ ಮೊದಲು ಇದೇ ಜಗಲಿಯ ಮೇಲೆ ಕೂತು ಹೋಲಿಸಿದವನೇ. ಸೊಪ್ಪು ಹರಡಿದ್ದು ಯಾರು ಅಂತ ಊರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ಹುಡುಗರಿಗೆ ಬುದ್ಧಿ ಹೇಳುವ ರೈತಣ್ಣಂದಿರೇ, ತಿರುವಿನಲ್ಲಾದರೂ ಹರಡಬೇಡಿ. ಆ ಮಾತು ನನಗೂ ಸೇರಿಯೇ ಹೇಳುತ್ತಿದ್ದೇನೆ.

ಬ್ರೇಕು ಹಿಡಿಯುವ ವಿದ್ಯೆಯಲ್ಲೂ ನಮ್ಮದು ಮೂಢನಂಬಿಕೆ. "ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ" ಅಂತ ಅಪ್ಪ ಮಗನಿಗೆ ಹೇಳಿಕೊಟ್ಟಿರುತ್ತಾನೆ. ಮಗ ಡಿಸ್ಕು ಇರುವ ಗಾಡಿ ತಂದು ಹಿಂದಿನ ಬ್ರೇಕನ್ನೇ ಒತ್ತುತ್ತಾನೆ. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನದೇ. ಥಟ್ಟನೆ ಕಿತ್ತು ಹಿಡಿಯಬಾರದು, ನಿಂಬೆಹಣ್ಣು ಹಿಂಡಿದಂತೆ ಒತ್ತುತ್ತಾ ಹೋಗಬೇಕು, ಹಿಂದಿನದನ್ನೂ ಜೊತೆಗೆ ಸೇರಿಸಬೇಕು. ಟೆಸ್ಟ್ ರೈಡ್‌ನಲ್ಲಿ ನೋಡಬೇಕಾದ ಮೊದಲ ಸಂಗತಿ ಇದು. ಖಾಲಿ ರಸ್ತೆ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 40ರ ವೇಗದಿಂದ ಪೂರ್ತಿ ನಿಲ್ಲಿಸಿ. ನೇರ ನಿಂತಿತಾ? ಲಿವರು ಬೆರಳಿಗೆ ಸಲೀಸಾಗಿ ಸಿಕ್ಕಿತಾ? ಮೂರು ಗಾಡಿಯಲ್ಲೂ ಹೀಗೆ ಮಾಡಿ ಬಂದವನ ಮಾತನ್ನು ನಾನು ಕೈಕಟ್ಟಿ ಕೂತು ಕೇಳುತ್ತೇನೆ.

ದುಡ್ಡಿನ ಮಾತು ಚುಟುಕಾಗಿ. ಎರಡು ಲಕ್ಷ ಸಾಲ, ಸೇಕಡಾ 12ರ ಬಡ್ಡಿ, ಮೂರು ವರ್ಷ ಅಂದುಕೊಂಡರೆ ತಿಂಗಳಿಗೆ 6,643 ರೂಪಾಯಿ. ಕೊನೆಗೆ ಕಟ್ಟಿದ್ದು 2,39,000 ದಾಟುತ್ತದೆ. ಇದರ ಮೇಲೆ ಇನ್ಶೂರೆನ್ಸು, ಸರ್ವಿಸು. ಅಗಲದ ಟೈರಿಗೆ ಬೆಲೆಯೂ ಹೆಚ್ಚು, ಒಂದು ಸಲ ಬಿದ್ದರೆ ಒಡೆಯುವ ಫೈಬರ್ ಹೊದಿಕೆಗೂ ಹೆಚ್ಚು. ಗಾಡಿ ಓಡಿಸಿ ನೋಡುವ ಮೊದಲು ಒಂದು ಕೆಲಸ ಮಾಡಿ. ಮೂರು ತಿಂಗಳು ಆ ಕಂತಿನ ದುಡ್ಡನ್ನು ಪೋಸ್ಟಾಫೀಸಿನಲ್ಲಿ ಕಟ್ಟಿ ನೋಡಿ. ಅದು ಸಾಲದ ಟೆಸ್ಟ್ ರೈಡ್. ಅದರಲ್ಲಿ ಪಾಸಾದವನು ಇದಕ್ಕೆ ಹೋಗಲಿ.

ಇದನ್ನೆಲ್ಲ ಜಗಲಿಯ ಮೇಲೆ ಹೇಳಿದಾಗ ಹುಡುಗರು ಸುಮ್ಮನೆ ಕೂರಲಿಲ್ಲ. "ಮಾವ, ನೀವು ಹೇಳ್ದಂಗೆ ಎಲ್ಲಾ ನೋಡ್ತಾ ಹೋದ್ರೆ ಶೋರೂಮ್ನೋರು ಬಾಗಿಲು ಹಾಕ್ಕೊಂತಾರೆ" ಅಂದ ಅಕ್ಕನ ಮಗ. ಹಾಕಿಕೊಳ್ಳಲಿ. ಎರಡು ಲಕ್ಷ ಕೊಡುವವನು ಅರ್ಧ ಗಂಟೆ ಕೇಳೋದು ಭಿಕ್ಷೆ ಅಲ್ಲ. ಒಂದು ಕಡೆ ಕೊಡದಿದ್ದರೆ ಇನ್ನೊಂದು ಕಡೆ ಹೋಗಿ. ಅಲ್ಲೂ ಕೊಡದಿದ್ದರೆ ಅದೇ ಗಾಡಿಯನ್ನು ಒಂದು ವರ್ಷ ಓಡಿಸಿದವನನ್ನು ಹುಡುಕಿ. ಮಳೆಯಲ್ಲಿ ಹೇಗೆ, ಚೈನು ಎಷ್ಟು ದಿನಕ್ಕೆ ಸಡಿಲ ಆಯಿತು, ಪಾರ್ಟು ಸಿಗೋಕೆ ಎಷ್ಟು ದಿನ ಕಾದೆ ಅಂತ ಅವನನ್ನು ಕೇಳಿ. ಹತ್ತು ಸಾವಿರ ಕಿಲೋಮೀಟರ್ ಓಡಿಸಿದವನ ಒಂದು ಮಾತು, ಎರಡು ಕಿಲೋಮೀಟರ್ ಓಡಿಸಿದವರ ನೂರು ಮಾತಿಗೆ ಮೇಲು.

"ಇಷ್ಟೆಲ್ಲಾ ಲೆಕ್ಕ ಹಾಕಿದ್ರೆ ಮಜಾನೇ ಇರಲ್ಲ" ಅಂದ ಇನ್ನೊಬ್ಬ. ಇದಕ್ಕೆ ನನ್ನ ಉತ್ತರ ಬೇರೆ. ಮಜಾ ಇರೋದೇ ಗಾಡಿ ಕೈಮಾತು ಕೇಳುವುದರಲ್ಲಿ. ನಿಲ್ಲಿಸೋಕೆ ಬರುವವನಿಗೆ ಮಾತ್ರ ಓಡಿಸೋ ಧೈರ್ಯ ನಿಜವಾದದ್ದು. ಮಿಕ್ಕವರದು ಧೈರ್ಯ ಅಲ್ಲ, ಅದೃಷ್ಟ.

ನಮ್ಮ ಮೇಷ್ಟರುಗಳಿಗೆ ಒಂದು ಬಿನ್ನಹ. ಮೇಲಿನ ಲೆಕ್ಕವನ್ನು ಒಂಬತ್ತನೇ ತರಗತಿ ಮಕ್ಕಳಿಂದ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿಸಿ ಅಳೆಸಿ. 40ಕ್ಕೆ 21 ಮೀಟರ್, 60ಕ್ಕೆ 40, 80ಕ್ಕೆ 63, 120ಕ್ಕೆ 126. ಕೊನೆಯ ಗೆರೆ ಮೈದಾನದಲ್ಲಿ ಹಿಡಿಯೋದಿಲ್ಲ, ಬೇಲಿಯಾಚೆ ಹೋಗುತ್ತದೆ. ಮಕ್ಕಳು ಅದನ್ನು ಮರೆಯೋದಿಲ್ಲ. ತಂದೆ ತಾಯಂದಿರಿಗೂ ಒಂದು ಮಾತು. ಹದಿನೆಂಟು ತುಂಬದ ಮಗನ ಕೈಗೆ ಗೇರಿನ ಗಾಡಿ ಕೊಟ್ಟರೆ 2019ರ ತಿದ್ದುಪಡಿ ಪ್ರಕಾರ ಶಿಕ್ಷೆ ನಿಮಗೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. "ಊರೊಳಗೆ ತಾನೇ" ಅನ್ನೋ ಸಬೂಬು ಕಾನೂನಿನಲ್ಲಿ ಇಲ್ಲ.

ವಾಚನಾಲಯದ ಮೇಜಿನ ಮೇಲೆ ಈಗ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾರು ಯಾವ ಗಾಡಿ ಓಡಿಸಿ ನೋಡಿ ಬಂದರೂ ಅದರಲ್ಲಿ ಬರೆಯಬೇಕು, ನಮ್ಮ ಮಾತಿನಲ್ಲೇ. 40ರಿಂದ ನಿಲ್ಲಿಸಿ ನೋಡಿದೆಯಾ? ಹಿಂದೆ ಒಬ್ಬರನ್ನು ಕೂರಿಸಿಕೊಂಡು ನೋಡಿದೆಯಾ? ಎರಡೂ ಕಾಲು ನೆಲಕ್ಕೆ ಎಟುಕಿತಾ? ಕೆಟ್ಟ ರಸ್ತೆಯಲ್ಲಿ, ಉಬ್ಬಿನ ಮೇಲೆ ಹೇಗೆ? ಅರ್ಧ ಗಂಟೆ ಆದ ಮೇಲೆ ಮಣಿಕಟ್ಟು, ಸೊಂಟ, ಮೊಣಕಾಲು ಏನಂತವೆ? ಕತ್ತಲಲ್ಲಿ ಲೈಟು ಎಷ್ಟು ದೂರ ಬೀಳುತ್ತದೆ? ಕಂತು ಎಷ್ಟು, ನಿನ್ನ ಸಂಬಳ ಎಷ್ಟು? ಇಷ್ಟು ಬರೆದ ಮೇಲೆ ಪಿಕಪ್ಪಿನ ಬಗ್ಗೆ ಎಷ್ಟು ಬೇಕಾದರೂ ಬರೆಯಲಿ, ಪುಟ ಖಾಲಿ ಇದೆ.

ಮುಂದಿನ ಭಾನುವಾರ ಅಕ್ಕನ ಮಗ ಮತ್ತೆ ಹೊಸೂರಿಗೆ ಹೋದ. ಈ ಸಲ ಅಕ್ಕನನ್ನೂ ಕರೆದುಕೊಂಡು ಹೋಗಿದ್ದ. ಸವಾರನ ಸೀಟೇ ನೆಲದಿಂದ 810 ಮಿಲಿಮೀಟರ್, ಹಿಂದಿನದು ಅದಕ್ಕಿಂತ ಮೇಲೆ. ಸೀರೆ ಉಟ್ಟ ಅಕ್ಕ ಹತ್ತಿ ಕೂರೋಕೆ ಸೇಲ್ಸ್ ಹುಡುಗ ಸ್ಟೂಲು ತಂದನಂತೆ. ಒಂದು ಕಿಲೋಮೀಟರ್ ಹೋಗಿ ಇಳಿದವಳು, "ನಿನ್ನ ತಲೆ ಮೇಲೆ ಕೂತಂಗಾಯ್ತು ಕಣೋ, ಹಿಡ್ಕೊಳ್ಳೋಕೆ ಏನೂ ಇಲ್ಲ" ಅಂದಳಂತೆ. ಅವನು ಇನ್ನೂ ತೀರ್ಮಾನ ಮಾಡಿಲ್ಲ. ಸ್ಪೋರ್ಟ್ಸ್ ಬೈಕೇ ತರಬಹುದು, ತಂದರೂ ನನಗೆ ಬೇಸರವಿಲ್ಲ. ಆದರೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವನ ಅಕ್ಷರ ಇದೆ. ಎರಡು ಗಾಡಿ, 40ರಿಂದ ನಿಲ್ಲಿಸಿದ್ದು ಎಷ್ಟೆಷ್ಟು ಹೆಜ್ಜೆಯಲ್ಲಿ ಅಂತ ಅಳೆದು ಬರೆದಿದ್ದಾನೆ. ಗಾಡಿ ಕೊಳ್ಳಬೇಕೆಂದಿರುವವರು ಬಂದು ಅದನ್ನು ಓದಿ, ಓಡಿಸಿ ನೋಡಿ ಬಂದ ಮೇಲೆ ನಿಮ್ಮದನ್ನೂ ಬರೆಯಿರಿ.